ಉ.ವೇ. ಸ್ವಾಮಿನಾಥ ಅಯ್ಯರ್ ನೆನಪಾಗಲಿ

ಮಾನ್ಯ ಸಂಪಾದಕರೇ,

ತಮಿಳು ಸಾಧಕರ ಮಾತು ಬಂದಾಗಲೆಲ್ಲ ನಮ್ಮಲ್ಲಿ ರಾಮಾನುಜನ್, ಸಿ.ವಿ. ರಾಮನ್, ಕಲಾಂ ಹೆಸರುಗಳೇ ಮರುಕಳಿಸುತ್ತವೆ. ತಪ್ಪೇನಿಲ್ಲ. ಆದರೆ ಉ.ವೇ. ಸ್ವಾಮಿನಾಥ ಅಯ್ಯರ್ (1855–1942) ಯಾರೆಂದು ಕೇಳಿದರೆ ಓದುಬಲ್ಲವರೂ ತಡವರಿಸುತ್ತಾರೆ.

ಕುಂಭಕೋಣದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವರು ಊರೂರು ಅಲೆದು ಹಳೆಯ ತಮಿಳು ಕಾವ್ಯಗಳ ಓಲೆಗರಿಗಳನ್ನು ಕಲೆಹಾಕಿದರು. ಆ ಗರಿಗಳಲ್ಲಿ, ಸ್ವರವಿಲ್ಲದ ವ್ಯಂಜನವೆಂದು ತೋರಿಸಲು ತಮಿಳಿನಲ್ಲಿ ಅಕ್ಷರದ ಮೇಲೆ ಇಡುವ ಚುಕ್ಕಿಯೂ ಇರುತ್ತಿರಲಿಲ್ಲ. ಪದ ಬಿಡಿಸುವುದೇ ಹರಸಾಹಸ. ಶೈವ ಮನೆತನದ ಈ ಪಂಡಿತರು ಜೈನ ಕಾವ್ಯದ ಅರ್ಥ ತಿಳಿಯಲು ಸಂಕೋಚವಿಲ್ಲದೆ ಜೈನರನ್ನೇ ಕೇಳಿದರು. ಅವರ ಸಂಪಾದನೆಯಲ್ಲಿ 1887ರಲ್ಲಿ ಆ ಜೈನ ಕಾವ್ಯ ‘ಜೀವಕ ಚಿಂತಾಮಣಿ’, 1894ರಲ್ಲಿ ಪ್ರಾಚೀನ ಸಂಗಂ ಕವಿತೆಗಳ ಸಂಕಲನ ‘ಪುರನಾನೂರು’ ಅಚ್ಚಾದವು. ಪಂಪ, ರನ್ನರನ್ನು ಓದುವ ನಮಗೆ ಇದು ಹೊರಗಿನವರ ಕಥೆಯಲ್ಲ. ಭಾನುವಾರದ ಪುರವಣಿಯಲ್ಲಿ ಇವರ ಬಗ್ಗೆ ಒಂದು ಲೇಖನ ಪ್ರಕಟಿಸಿ.

– ಓದುಗ, ಮೈಸೂರು