ಟಗರು ಕೊಡುವ ಮೊದಲು ಅದರ ಹಿಕ್ಕೆ ಪರೀಕ್ಷಿಸಿ

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ಯಾದಗಿರಿ ಜಿಲ್ಲೆಯ ಕುರಿಗಾರನೊಬ್ಬನ ನಮಸ್ಕಾರಗಳು. ಕೊಟ್ಟ ಅರ್ಜಿಗಳಿಗೆ ಉತ್ತರ ಬಾರದ ಕಾರಣ ಎಲ್ಲರೆದುರು ಕೇಳುತ್ತಿದ್ದೇನೆ. ಯೋಜನೆಯ ಹೆಸರಿನಲ್ಲಿ ನಮ್ಮ ಹಿಂಡಿಗೆ ಟಗರು ಕೊಡುವ ಮೊದಲು ಅದರ ಹಿಕ್ಕೆಯಲ್ಲಿ ಜಂತುಹುಳುವಿನ ಮೊಟ್ಟೆ ಎಷ್ಟಿದೆ ಎಂದು ಎಣಿಸಿ ಕೊಡಿ. ನನ್ನ ಬೇಡಿಕೆ ಇದೊಂದೇ.

ಹೊರಗಿನ ತಳಿಯ ಕುರಿಗಳು ನಮ್ಮ ಮನೆಗೆ ಬಂದಾಗ ಮೈತುಂಬಿಕೊಂಡಿದ್ದವು. ಮಳೆ ಹಿಡಿದು ಹುಲ್ಲು ಚಿಗುರಿದ ಮೇಲೆ ಒಂದೊಂದಾಗಿ ಹಿಂಡಿನಿಂದ ಹಿಂದೆ ಬೀಳತೊಡಗಿದವು. ರೆಪ್ಪೆ ಬಿಡಿಸಿದರೆ ಒಳಗೆ ರಕ್ತದ ಬಣ್ಣವೇ ಇಲ್ಲ. ದವಡೆಯ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು. ಅದೇ ಬಯಲಿನಲ್ಲಿ ಮೇಯ್ದ ನಮ್ಮ ನಾಡತಳಿಯ ಕೆಂಗುರಿಗಳು ಬಡವಾದರೂ ಬದುಕಿಕೊಂಡವು.

ಸತ್ತ ಕುರಿಯೊಂದನ್ನು ನನ್ನೆದುರಿಗೇ ಕೊಯ್ದರು. ನಾಲ್ಕನೆಯ ಹೊಟ್ಟೆಯ ಒಳಗೋಡೆಗೆ ಕೆಂಪು ಬಿಳಿ ನೂಲು ಹೊಸೆದಂತಹ ಹುಳುಗಳು ಮುತ್ತಿಕೊಂಡಿದ್ದವು, ಇನ್ನೂ ಹೊರಳಾಡುತ್ತಿದ್ದವು. ಅದನ್ನು ಕಣ್ಣಾರೆ ಕಂಡ ಅಧಿಕಾರಿ ವರದಿಯಲ್ಲಿ ಬರೆದದ್ದು ‘ಆಹಾರದ ಕೊರತೆಯಿಂದ ಸಾವು’ ಎಂದು! ಅಂಥ ವರದಿ ಹಿಡಿದುಕೊಂಡು ಹೋದವನಿಗೆ ವಿಮೆಯವರು ಏನು ಹೇಳುತ್ತಾರೆಂದು ತಮಗೆ ಗೊತ್ತೇ ಇದೆ. ಹಣವಂತೂ ಬರಲಿಲ್ಲ, ಮೇವು ಹಾಕದೆ ಕುರಿ ಕೊಂದವನು ಎಂಬ ಹೆಸರು ಬಂತು. ಮನೆಯವರು ಉಂಡರೋ ಬಿಟ್ಟರೋ, ಕುರಿಗೆ ಮೇವು ತಪ್ಪಿಸಿದವರಲ್ಲ ನಾವು. ಸಾಲದ ಕಂತು ಇವತ್ತಿಗೂ ಕಟ್ಟುತ್ತಿದ್ದೇನೆ. ಈ ಮಾತು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಸ್ವಾಮಿ.

ಆ ಹುಳುವಿನ ಹೆಸರು ಹಿಮಾಂಕಸ್. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್. ಹೆಣ್ಣು ಹುಳು ದಿನವೂ ಸಾವಿರಾರು ಮೊಟ್ಟೆ ಇಡುತ್ತದೆ, ಅವೆಲ್ಲ ಹಿಕ್ಕೆಯೊಂದಿಗೆ ಹುಲ್ಲಿಗೆ ಬೀಳುತ್ತವೆ. ಆದರೆ ಎಲ್ಲ ತಳಿಯೂ ಅದಕ್ಕೆ ಒಂದೇ ರೀತಿ ಬಲಿಯಾಗುವುದಿಲ್ಲ. ಕೆನ್ಯಾದ ರೆಡ್ ಮಸಾಯ್ ಕುರಿ ತಾಳಿಕೊಂಡಷ್ಟು ಡಾರ್ಪರ್ ತಾಳಿಕೊಳ್ಳುವುದಿಲ್ಲ. ನಮ್ಮ ದೇಶದಲ್ಲೇ ಸುಂದರಬನದ ಗರೋಲ್ ಕುರಿ ಈ ಹುಳುವಿಗೆ ಗಟ್ಟಿ ಎಂದು ಹೆಸರಾಗಿದೆ. ಗಟ್ಟಿ ತಳಿಗಳಲ್ಲಿ ಮರಿಹುಳು ಹೊಟ್ಟೆ ಸೇರುತ್ತಿದ್ದಂತೆ ರಕ್ತದ ಬಿಳಿ ಕಣಗಳು ಹೊಟ್ಟೆಯ ಗೋಡೆಗೆ ಬೇಗ ಧಾವಿಸುತ್ತವೆ, ಹುಳು ಬೇರೂರಲು ಬಿಡುವುದಿಲ್ಲ. ಈ ಗುಣ ಒಂದಿಷ್ಟು ಮರಿಗಳಿಗೂ ಇಳಿಯುತ್ತದೆ. ಅದಕ್ಕೇ ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಹಿಕ್ಕೆಯ ಮೊಟ್ಟೆ ಎಣಿಸಿ ಟಗರು ಆರಿಸುತ್ತಾರೆ. ನಮ್ಮಲ್ಲಿ ಮಾತ್ರ ಮೈ ತೂಕ ನೋಡಿ ಲಾರಿ ಹತ್ತಿಸುತ್ತಾರೆ.

ಔಷಧ ಕುಡಿಸಿ ಎನ್ನುತ್ತಾರೆ. ಕುಡಿಸಿದ್ದೇವೆ. ವರ್ಷವರ್ಷವೂ ಅದೇ ಆಲ್ಬೆಂಡಜೋಲ್ ಕೊಟ್ಟರೆ ಅದಕ್ಕೆ ಬಗ್ಗದ ಹುಳುಗಳೇ ಉಳಿದು ಬೆಳೆಯುತ್ತವೆ ಎಂಬುದು ತಮ್ಮ ಇಲಾಖೆಯವರಿಗೆ ಗೊತ್ತಿಲ್ಲದ ವಿಷಯವಲ್ಲ.

ಎಣಿಸುವುದಾದರೆ ಸರಿಯಾಗಿ ಎಣಿಸಿ. ಹಿಂದಿನ ದಿನ ಔಷಧ ಕುಡಿಸಿ ಮರುದಿನ ಎಣಿಸಿದರೆ ಎಲ್ಲ ಟಗರೂ ಒಂದೇ ಆಗಿ ಕಾಣುತ್ತವೆ. ಒಂದೇ ಬಯಲಿನಲ್ಲಿ ಮಳೆಗಾಲದ ಹುಲ್ಲು ಮೇಯ್ದ, ಕೆಲವು ವಾರ ಔಷಧ ಕಾಣದ ಟಗರುಗಳನ್ನು ಒಟ್ಟಿಗೆ ಹೋಲಿಸಬೇಕು. ನಮ್ಮ ಕೆಂಗುರಿಯನ್ನೂ ದಖ್ಖನಿಯನ್ನೂ ಅವುಗಳ ಜೊತೆ ನಿಲ್ಲಿಸಿ ನೋಡಿ. ಒಬ್ಬ ಕುರಿಗಾರ ಕಂಡದ್ದು ಸಾಕ್ಷಿಯಾಗುವುದಿಲ್ಲ ಎನ್ನುವುದಾದರೆ ಪರೀಕ್ಷೆಯೇ ಹೇಳಲಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಬೇಕಾದದ್ದು ಸೂಕ್ಷ್ಮದರ್ಶಕ, ಎಣಿಕೆಯ ಗಾಜು ಮತ್ತು ಕೆಲಸ ಬಲ್ಲ ಒಬ್ಬ ಮನುಷ್ಯ.

ಈ ಮುಂಗಾರಿಗೆ ಮತ್ತೆ ಟಗರುಗಳು ಬರುತ್ತವೆ ಎಂದು ಕೇಳಿದ್ದೇನೆ. ಮೊಟ್ಟೆ ಎಣಿಸಿದ ಚೀಟಿ ಇಲ್ಲದ ಟಗರನ್ನು ನಾನು ಹಿಂಡಿಗೆ ಸೇರಿಸುವುದಿಲ್ಲ. ಚೀಟಿಯೊಂದಿಗೆ ಕಳುಹಿಸಿ. ಸತ್ತ ಕುರಿಯ ವರದಿಯಲ್ಲಿ ಹುಳುವಿನ ಹೆಸರು ಬರೆಯಿಸಿ, ನನಗೆ ಬರಬೇಕಾದ ವಿಮೆ ಹಣ ಕೊಡಿಸಿ.

ಇತಿ,
ಯಾದಗಿರಿ ಜಿಲ್ಲೆಯ ಒಬ್ಬ ಕುರಿಗಾರ