ಬಡಾವಣೆಯ ರಸ್ತೆ, ಒಳಚರಂಡಿ: ಯಾರ ಪಾಲು ಎಷ್ಟು?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಂಚಿನ ಖಾಸಗಿ ಬಡಾವಣೆಗಳಲ್ಲಿ ರಸ್ತೆ ಮತ್ತು ಒಳಚರಂಡಿಯ ಖರ್ಚನ್ನು ಯಾರು ಹೊರಬೇಕು ಎಂಬ ತಕರಾರು ಈಗ ನಿವೇಶನದಾರರ ಸಂಘಗಳ ಸಭೆಗಳಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಬಡಾವಣೆ ಮಾಡಿದವರು ಒಳಗಿನ ಕೆಲಸವನ್ನೆಲ್ಲ ಮುಗಿಸಿ ಕೊಟ್ಟಿದ್ದೇವೆ ಎನ್ನುತ್ತಾರೆ. ನೀರು-ಒಳಚರಂಡಿಯ ಕಚೇರಿಯವರು ಹೊರಗಿನ ಮುಖ್ಯ ಕೊಳವೆ ಇನ್ನೂ ಯೋಜನೆಯ ಹಂತದಲ್ಲಿದೆ ಎನ್ನುತ್ತಾರೆ. ರಸ್ತೆಯ ಉಸ್ತುವಾರಿಯವರು ಬಡಾವಣೆ ತಮಗೆ ಹಸ್ತಾಂತರವಾಗಿಲ್ಲ ಎನ್ನುತ್ತಾರೆ. ಕೊನೆಗೆ ಹಣ ಕೇಳುವ ಕಾಗದ ಬರುವುದು ಸಾಲ ಮಾಡಿ ಮನೆ ಕಟ್ಟಿಕೊಂಡವರ ಬಾಗಿಲಿಗೆ. ಈ ಖರ್ಚಿನ ಹಂಚಿಕೆಗೆ ಒಂದು ಲೆಕ್ಕದ ನಿಯಮ ಇರಬೇಕು, ಅದು ನಿವೇಶನಗಳ ಮಾರಾಟಕ್ಕೆ ಮೊದಲೇ ಎಲ್ಲರಿಗೂ ತಿಳಿದಿರಬೇಕು ಎಂಬುದು ನನ್ನ ವಾದ.

ವರ್ತೂರು ಕೆರೆಯ ಕಡೆಗೆ ಇಳಿಜಾರಿರುವ ನಮ್ಮ ಬಡಾವಣೆಯ ತಗ್ಗಿನ ಮೂಲೆಯಲ್ಲಿ ಕಡೆಯ ಮ್ಯಾನ್‌ಹೋಲ್ ಇದೆ. ಮುಚ್ಚಳ ಎತ್ತಿದರೆ ಮೂರು ಬೀದಿಗಳ ಕೊಳವೆಗಳು ಅದರೊಳಗೆ ಬಂದು ಸೇರುವುದು ಕಾಣುತ್ತದೆ. ಹೊರಕ್ಕೆ ಹೋಗಬೇಕಾದ ಕೊಳವೆಯ ಬಾಯಿಗೆ ಮಾತ್ರ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಲಾಗಿದೆ, ಏಕೆಂದರೆ ಆಚೆ ಸೇರಿಸುವುದಕ್ಕೆ ಮುಖ್ಯ ಕೊಳವೆಯೇ ಇಲ್ಲ. ಮಂಜೂರಾದ ನಕ್ಷೆಯಲ್ಲಿ ಇದು ಒಳಚರಂಡಿ ಇರುವ ಬಡಾವಣೆ. ಅದು ಸುಳ್ಳೂ ಅಲ್ಲ: ಕೊಳವೆ ಇದೆ, ಪ್ರತಿ ಮನೆಯ ಮುಂದೆ ಚೇಂಬರ್ ಇದೆ. ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿಯ ಪ್ರಕಾರ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆ ಎಂದು ಹಿಡಿದರೆ, ಐದೈದು ಜನರಿರುವ ನೂರು ಮನೆಗಳಿಂದ ದಿನವೊಂದಕ್ಕೆ 54,000 ಲೀಟರ್ ಹೊರಬರುತ್ತದೆ. ಇದನ್ನು 6,000 ಲೀಟರಿನ ಟ್ಯಾಂಕರಿನಲ್ಲಿ ಸಾಗಿಸುವುದಾದರೆ ದಿನಕ್ಕೆ 9 ಲೋಡು ಬೇಕು. ಅಷ್ಟು ಲೋಡಿಗೆ ಯಾವ ಸಂಘವೂ ದಿನಾ ದುಡ್ಡು ತೆರುವುದಿಲ್ಲ. ಮಿಕ್ಕದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ರಾಜಕಾಲುವೆಯ ಪಕ್ಕದ ಮನೆಯವರು ಚೆನ್ನಾಗಿ ಬಲ್ಲರು.

ಈ ವಿಷಯದಲ್ಲಿ ಕಾನೂನು ಸುಮ್ಮನಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆಯ 32ನೇ ಕಲಮಿನಂತೆ ಪ್ರಾಧಿಕಾರದ ಮಂಜೂರಾತಿ ಇಲ್ಲದೆ ಬಡಾವಣೆ ರಚಿಸುವಂತಿಲ್ಲ, ಖಾಸಗಿ ಬೀದಿ ಮಾಡುವಂತಿಲ್ಲ. ರಸ್ತೆ, ಪಕ್ಕದ ಚರಂಡಿ, ಮೋರಿ, ಒಳಚರಂಡಿ, ನೀರು, ದೀಪಗಳಿಗೆ ತಗಲುವ ಖರ್ಚನ್ನು ಮಂಜೂರಾತಿಗೆ ಮೊದಲೇ ಅರ್ಜಿದಾರರಿಂದ ಠೇವಣಿ ಇರಿಸಿಕೊಳ್ಳುವ ಅಧಿಕಾರವೂ ಪ್ರಾಧಿಕಾರಕ್ಕೆ ಇದೆ. ಅಷ್ಟೇ ಅಲ್ಲ, ಅದೇ ಕಲಮಿನ 5-ಎ ಉಪಕಲಮಿನಂತೆ ಬಡಾವಣೆಯ ಹೊರಗಿನ ನೀರು, ರಸ್ತೆ, ಸಾರಿಗೆ ಮುಂತಾದ ದೊಡ್ಡ ಕಾಮಗಾರಿಗಳ ವೆಚ್ಚದಲ್ಲೂ ಒಂದು ಪಾಲನ್ನು ಕೇಳಬಹುದು. ಈ ಉಪಕಲಮನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿ ಹಿಡಿದಿದೆ. ಹಾಗಾಗಿ ಕೇಳುವ ಹಕ್ಕಿನ ಬಗ್ಗೆ ಜಗಳವಿಲ್ಲ. ಆ ಪಾಲನ್ನು ಯಾವ ಅಳತೆಯಿಂದ ಅಳೆಯಬೇಕು, ಕಟ್ಟಿದ ಹಣ ಯಾವ ಕೊಳವೆಗೆ ಹೋಯಿತು ಎಂಬುದನ್ನು ನಿವೇಶನದಾರನಿಗೆ ಹೇಳುವವರಿಲ್ಲ ಎಂಬುದೇ ಜಗಳ. ಇದರ ಮೇಲೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18-ಎ ಕಲಮಿನ ಉಪಕರ ಮತ್ತು ಮೇಲ್ತೆರಿಗೆ ಬೇರೆ, ಸಂಪರ್ಕ ಕೊಡುವಾಗ ಜಲಮಂಡಳಿ ಕೇಳುವ ಪ್ರೊರೇಟಾ (ಅಳತೆಗೆ ತಕ್ಕ ಪಾಲಿನ) ಶುಲ್ಕ ಬೇರೆ. ರಸೀದಿಗಳ ಕಂತೆ ಬೆಳೆಯುತ್ತದೆ, ಕೊಳವೆ ಬೆಳೆಯುವುದಿಲ್ಲ.

ಬಡಾವಣೆಯ ಒಳಗಿನ ಕೆಲಸದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅದು ಬಡಾವಣೆ ಮಾಡಿದವರದು. ನಿವೇಶನದ ಬೆಲೆಯಲ್ಲಿ ಅದನ್ನು ಸೇರಿಸಿಯೇ ಮಾರಿರುತ್ತಾರೆ. 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯ 14ನೇ ಕಲಮಿನಂತೆ ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕೆಲಸದ ಗುಣಮಟ್ಟದಲ್ಲಾಗಲಿ ಸೌಕರ್ಯದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬೇರೆ ಹಣ ಪಡೆಯದೆ 30 ದಿನಗಳೊಳಗೆ ಅವರೇ ಸರಿಪಡಿಸಬೇಕು. ಆದರೂ ಹಳೆಯ ಬಡಾವಣೆಗಳಲ್ಲಿ ಸಂಘಗಳೇ ಹಣ ಕೂಡಿಸಿ ಕೆಲಸ ಮಾಡಿಸಬೇಕಾದ ಪ್ರಸಂಗ ಬರುವುದುಂಟು, ಮತ್ತು ಅಲ್ಲಿಯೇ ಹಂಚಿಕೆಯ ಮೊದಲ ಜಗಳ ಹತ್ತಿಕೊಳ್ಳುತ್ತದೆ. ರಸ್ತೆಯ ಖರ್ಚನ್ನು ನಿವೇಶನದ ಮುಂಭಾಗದ ಅಡಿ ಲೆಕ್ಕದಲ್ಲಿ ಹಂಚುವುದು ನ್ಯಾಯ, ಏಕೆಂದರೆ ರಸ್ತೆಯ ಉದ್ದ ಬೆಳೆಯುವುದೇ ಮುಂಭಾಗಗಳು ಬೆಳೆದಂತೆ. ಒಳಚರಂಡಿಯ ವಿಷಯ ಬೇರೆ: ಅದಕ್ಕೆ ಹೊರೆ ಬೀಳುವುದು ಎಷ್ಟು ಜನ ವಾಸಿಸುತ್ತಾರೆ ಎಂಬುದರ ಮೇಲೆ, ಅದನ್ನು ಅಂದಾಜು ಮಾಡಲು ನಿವೇಶನದ ವಿಸ್ತೀರ್ಣವೇ ಹತ್ತಿರದ ಅಳತೆ. 30×40ರ ನಿವೇಶನದವರು 30,000 ರೂಪಾಯಿ ಕೊಡುತ್ತಾರೆ ಎಂದಿಟ್ಟುಕೊಂಡರೆ, 50×80ರವರು ಮುಂಭಾಗದ ಲೆಕ್ಕದಲ್ಲಿ 50,000 ರೂಪಾಯಿಯನ್ನೂ ವಿಸ್ತೀರ್ಣದ ಲೆಕ್ಕದಲ್ಲಿ 1 ಲಕ್ಷ ರೂಪಾಯಿಯನ್ನೂ ಕೊಡಬೇಕಾಗುತ್ತದೆ. ತಲಾ ನಿವೇಶನಕ್ಕೆ ಇಷ್ಟು ಎಂದರೆ ಇಬ್ಬರದೂ ಒಂದೇ. ಸಭೆಗಳಲ್ಲಿ ತಲಾ ನಿವೇಶನದ ಲೆಕ್ಕವೇ ಗೆಲ್ಲುವುದು, ದೊಡ್ಡ ನಿವೇಶನದವರೇ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ ಎನ್ನುವುದರಿಂದ. ಮೂಲೆ ನಿವೇಶನದವರು ಎರಡು ರಸ್ತೆ ತೋರಿಸಿ ಹೆಚ್ಚು ಬೆಲೆಗೆ ಮಾರುವ ದಿನ ಬಂದಾಗ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ವಂತಿಗೆ ಕೊಡುವಾಗ ಒಂದನ್ನು ಮರೆಯುತ್ತಾರೆ. ಖಾಲಿ ನಿವೇಶನದವರ ವಾದ ಇನ್ನೊಂದು: ನಮ್ಮ ಮನೆಯೇ ಇಲ್ಲ, ಕೊಳಚೆ ಎಲ್ಲಿಂದ ಬಂತು ಎಂದು. ಕೊಳವೆ ಹಾದುಹೋದ ದಿನವೇ ಅವರ ನಿವೇಶನಕ್ಕೆ ಬೆಲೆ ಏರಿರುತ್ತದೆಯಾದ್ದರಿಂದ ಅವರ ಪಾಲೂ ಆ ದಿನವೇ ಬಾಕಿ ಬಿದ್ದಂತೆ.

ನಿಜವಾದ ತೊಡಕು ಬಡಾವಣೆಯ ಗೇಟಿನಿಂದ ಆಚೆಗೆ. ಒಳಚರಂಡಿ ಇಳಿಜಾರಿನಲ್ಲಿ ತಾನಾಗಿ ಹರಿಯುವಂಥದ್ದು. ತಗ್ಗಿನ ಬಡಾವಣೆಯ ಮುಂದೆ ಹಾಕುವ ಕೊಳವೆ ಮೇಲಿನ ಜಮೀನುಗಳ, ಇನ್ನೂ ಹುಟ್ಟದ ಬಡಾವಣೆಗಳ ಕೊಳಚೆಯನ್ನೂ ಒಂದು ದಿನ ಹೊರಲೇಬೇಕು. ಇಂದು ಎರಡು ಬಗೆಯ ಅನ್ಯಾಯ ನಡೆಯುತ್ತಿದೆ. ಒಂದು, ಮೊದಲು ಬಂದವರಿಂದಲೇ ಇಡೀ ಕೊಳವೆಯ ಖರ್ಚು ಕೇಳುವುದು. ಇನ್ನೊಂದು, ಪ್ರತಿ ಬಡಾವಣೆಯೂ ತನ್ನಷ್ಟಕ್ಕೆ ಸಾಕಾಗುವ ಸಣ್ಣ ಕೊಳವೆ ಹಾಕಿಕೊಳ್ಳಲು ಬಿಟ್ಟು, ನಾಲ್ಕು ವರ್ಷದಲ್ಲಿ ಅದೇ ರಸ್ತೆಯನ್ನು ಮತ್ತೆ ಅಗೆಯುವುದು. ಒಂದೇ ಇಳಿಜಾರಿನಲ್ಲಿ 300 ಮಿಲಿಮೀಟರ್ ವ್ಯಾಸದ ಕೊಳವೆ 225 ಮಿಲಿಮೀಟರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊರುತ್ತದೆ. ಆದರೆ ಕಾಲುವೆ ತೋಡುವ ಕೂಲಿ, ಮಣ್ಣು ಸಾಗಾಟ, ಮ್ಯಾನ್‌ಹೋಲು, ಮತ್ತೆ ಡಾಂಬರು ಹಾಕುವ ಖರ್ಚು ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಮೊದಲ ಬಡಾವಣೆಯವರು ತಮಗೆ ಬೇಕಾದ ಸಣ್ಣ ಕೊಳವೆಯ ಖರ್ಚನ್ನಷ್ಟೇ ಕೊಡಲಿ. ದೊಡ್ಡದು ಹಾಕುವುದರಿಂದ ಬೀಳುವ ವ್ಯತ್ಯಾಸವನ್ನು ಜಲಮಂಡಳಿ ಮೊದಲು ಹಾಕಿ, ಅದೇ ಇಳಿಜಾರಿಗೆ ಸೇರಿದ ಮುಂದಿನ ಬಡಾವಣೆಗಳು ಮಂಜೂರಾತಿಗೆ ಬಂದಾಗ ಎಕರೆ ಲೆಕ್ಕದಲ್ಲಿ ಬಡ್ಡಿ ಸಮೇತ ವಸೂಲು ಮಾಡಲಿ. ಮೊದಲಿನವರೇ ಪೂರ್ತಿ ಹಾಕಿದ್ದರೆ ಆ ಹಣ ಅವರ ಸಂಘಕ್ಕೆ ಹಿಂದಿರುಗಲಿ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂದು ನಗರದ ಕಣಿವೆಗಳನ್ನು ಇಲಾಖೆಗಳೇ ಗುರುತಿಸಿಕೊಂಡಿವೆ. ಹಣದ ಖಾತೆಯೂ ಕಣಿವೆಗೊಂದು ಪ್ರತ್ಯೇಕವಾಗಿ ಇದ್ದರೆ ಒಂದು ಕಡೆಯವರು ಕಟ್ಟಿದ್ದು ಇನ್ನೊಂದು ಕಡೆಗೆ ಹೋಯಿತೆಂಬ ಗುಮಾನಿಗೆ ಎಡೆ ಇರುವುದಿಲ್ಲ.

ಈ ಖರ್ಚನ್ನೆಲ್ಲ ಮೊದಲೇ ಸೇರಿಸಿದರೆ ನಿವೇಶನದ ಬೆಲೆ ಇನ್ನೂ ಏರಿ ಬಡವರಿಗೆ ಎಟಕದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ನಿವೇಶನಗಳ ಪಾಲನ್ನು ಕಂತಿನಲ್ಲಿ ಪಡೆಯಬಹುದು, 20×30ರ ನಿವೇಶನಕ್ಕೆ ಒಂದಿಷ್ಟು ರಿಯಾಯಿತಿ ಕೊಡಬಹುದು. ಆದರೆ ಮೊದಲು ಕೇಳದ ಹಣವನ್ನು ಆಮೇಲೆ ಎಲ್ಲರಿಂದ ಕೇಳಲಾಗುತ್ತದೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದಾಗ, ಕೆರೆಗೆ ಸೇರಿದ ಕೊಳಚೆ ಯಾವ ಬಡಾವಣೆಯದು ಎಂದು ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ಹೂಳೆತ್ತುವ, ಶುದ್ಧೀಕರಿಸುವ ಖರ್ಚು ಸಾರ್ವಜನಿಕರ ತೆರಿಗೆಯ ಮೇಲೆಯೇ ಬಿತ್ತು. 1898ರ ಪ್ಲೇಗಿನ ನಂತರ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗೆ, ಅಂದರೆ ಮಲ-ಕಸ ಸಾಗಿಸುವ ಕಿರುದಾರಿಗೆ, ಜಾಗ ಬಿಟ್ಟೇ ನಿವೇಶನ ಹಂಚಿದ್ದರು. ಆಗಿನವರಿಗೆ ಇದ್ದ ಆ ಮುಂದಾಲೋಚನೆ ಈಗ ನಕ್ಷೆಯ ಬಣ್ಣದಲ್ಲಷ್ಟೇ ಉಳಿದಿದೆ.

ತಡ ಮಾಡುವಂತಿಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ. ಬೋರ್‌ವೆಲ್ ಮತ್ತು ಟ್ಯಾಂಕರನ್ನು ನಂಬಿ ಅಳೆದು ಬಳಸುತ್ತಿದ್ದ ಮನೆಗಳಿಗೆ ನಲ್ಲಿ ನೀರು ಬಂದ ಮೇಲೆ ಕೊಳಚೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಪಾಲಿಕೆ ಈಗ ಐದಾಗಿದೆ, ಹೊಸ ಕಚೇರಿಗಳು ಹೊಸ ಶುಲ್ಕಗಳನ್ನು ಆಲೋಚಿಸುವ ಹೊತ್ತು ಇದು. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಈ ಸಂದರ್ಭದಲ್ಲಿಯೇ ಬಿಡಿಎ, ಜಲಮಂಡಳಿ, ಪಾಲಿಕೆಗಳನ್ನು ಒಂದು ಮೇಜಿಗೆ ಕೂರಿಸಿ ಹಂಚಿಕೆಯ ನಿಯಮವನ್ನು ಬರೆಸಬೇಕು. ಕೊಳವೆ ಹಾಕಿದ್ದಾರೆ ಎಂಬ ಪ್ರಮಾಣಪತ್ರ ನೋಡಿ ಕಡೆಯ ಹಂತದ ನಿವೇಶನಗಳನ್ನು ಮಾರಾಟಕ್ಕೆ ಬಿಡುಗಡೆ ಮಾಡುವ ಬದಲು, ತುದಿಯ ಮ್ಯಾನ್‌ಹೋಲಿನಿಂದ ಮುಖ್ಯ ಕೊಳವೆಯವರೆಗೆ ನೀರು ಬಿಟ್ಟು, ಹರಿದದ್ದನ್ನು ಸ್ಥಳದಲ್ಲಿಯೇ ನೋಡಿದ ಮೇಲೆ ಬಿಡುಗಡೆ ಮಾಡಬೇಕು. ಡಾಂಬರು ಹಾಕುವುದೂ ಅದಾದ ಮೇಲೆಯೇ ಆಗಬೇಕು. ಇಲ್ಲದಿದ್ದರೆ ಒಂದೇ ರಸ್ತೆಗೆ ನಾವು ಎರಡು ಸಲ ಹಣ ಕೊಟ್ಟಂತಾಗುತ್ತದೆ.

ನಮ್ಮ ಸಂಘಕ್ಕೆ ಬಂದಿರುವ ಬೇಡಿಕೆ ಪತ್ರದಲ್ಲಿ ಕಟ್ಟಬೇಕಾದ ಒಟ್ಟು ಮೊತ್ತ ಮತ್ತು ಕೊನೆಯ ದಿನಾಂಕ ಮಾತ್ರ ಇವೆ. ಕೊಳವೆ ಎಲ್ಲಿಂದ ಎಲ್ಲಿಗೆ, ಎಷ್ಟು ವ್ಯಾಸದ್ದು, ಅದನ್ನು ಎಷ್ಟು ಎಕರೆಯವರು ಬಳಸಲಿದ್ದಾರೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬ ನಾಲ್ಕು ಸಾಲುಗಳನ್ನು ಅದೇ ಪತ್ರದ ಹಿಂಬದಿಯಲ್ಲಿ ಬರೆದು ಕೊಟ್ಟರೆ ಸಾಕು, ಹಣ ಕಟ್ಟಲು ನಮ್ಮಲ್ಲಿ ಹೆಚ್ಚಿನವರು ಸಿದ್ಧರಿದ್ದಾರೆ.

ಇಂತಿ,
ಒಬ್ಬ ನಿವೇಶನದಾರ,
ಬೆಂಗಳೂರು