ದಾನಿಗಳ ಫಲಕಕ್ಕೆ ಅಂದಾಜುಪಟ್ಟಿಯಲ್ಲಿ ಜಾಗವಿಲ್ಲವೇ?

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಈಚೆಗೆ ಹೊಸ ಕಳೆ ಬಂದಿದೆ. ಗೋಡೆಗೆ ಎದೆಮಟ್ಟದ ಟೈಲ್ಸ್, ಬಾಗಿಲಿಗೆ ಗಾಜು, ಒಳ್ಳೆಯದೇ ಆಯಿತು. ಆದರೆ ಹೆರಿಗೆ ವಾರ್ಡಿನ ಬಾಗಿಲ ಪಕ್ಕದಲ್ಲಿದ್ದ ಕಲ್ಲಿನ ಫಲಕ ಈಗ ಜನರೇಟರ್ ಕೋಣೆಯ ಹಿಂದೆ ಮರಳಿನ ಗುಡ್ಡೆಗೆ ಒರಗಿಕೊಂಡಿದೆ. ಒಂದು ಮೂಲೆ ಒಡೆದು ದಾನಿಯ ಹೆಸರಿನ ಮೊದಲರ್ಧ ಹಾರಿಹೋಗಿದೆ. ‘...ಪ್ಪ ಶೆಟ್ಟರು ತಮ್ಮ ತಾಯಿಯವರ ಸ್ಮರಣಾರ್ಥ’ ಎಂಬಷ್ಟನ್ನು ಓದಬಹುದು. ಕೆಳಗಿನ ರೂಪಾಯಿ ಅಂಕಿಯ ಮೇಲೆ ಸಿಮೆಂಟು ಮೆತ್ತಿದೆ. ವಿಚಾರಿಸಿದರೆ ಗುತ್ತಿಗೆದಾರರ ಕಡೆಯವರು, ‘ಅಂದಾಜುಪಟ್ಟಿಯಲ್ಲಿ ಫಲಕ ಕೂರಿಸುವ ಬಾಬತ್ತು ಇಲ್ಲ’ ಎಂದರು. ಬಾಬತ್ತು ಇಲ್ಲವಂತೆ!

ಶೆಟ್ಟರು ಯಾರೆಂದು ಕಡತದಲ್ಲಿ ಪತ್ತೆ ಮಾಡೋಣವೆಂದರೆ ಅದೂ ಸುಲಭವಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಅದು ಮೈಸೂರಿಗೆ ಸೇರುವಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಯಚೂರು, ಆಗ ಅದರೊಳಗೇ ಇದ್ದ ಕೊಪ್ಪಳ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಹೀಗಾಗಿ ನಮ್ಮ ಆಸ್ಪತ್ರೆಗಳ ಹಳೆಯ ಕಾಗದಪತ್ರ ದಿಕ್ಕಾಪಾಲು. ಇಂಗ್ಲಿಷಿನದು ಒಂದು ಕಡೆ, ಉರ್ದುವಿನದು ಇನ್ನೊಂದು ಕಡೆ. ಊರಲ್ಲೇ ಕಣ್ಣಿಗೆ ಕಾಣುವ ಪುರಾವೆ ಎಂದರೆ ಗೋಡೆಯ ಕಲ್ಲು. ಅದನ್ನೂ ಕಿತ್ತರೆ?

ವಿದ್ಯೆಗೆ ಕೊಟ್ಟವರ ಕಥೆ ಬೇರೆ. 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘಕ್ಕೆ ಕೈ ನೀಡಿದವರನ್ನು ಊರು ಇಂದಿಗೂ ನೆನೆಯುತ್ತದೆ. ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳಿರುತ್ತಾರೆ. ಆಸ್ಪತ್ರೆಗೆ ಹಳೆಯ ರೋಗಿಗಳ ಸಂಘ ಎಲ್ಲಿಯದು? ವಾಸಿಯಾದವರು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಪಂಡಿತ ತಾರಾನಾಥರನ್ನೇ ನೋಡಿ. ರಾಯಚೂರಿನವರಿಗೆ ಅವರು ಹಮ್‌ದರ್ದ್ ಶಾಲೆಯ ಸ್ಥಾಪಕರು, ಸಂಗೀತದವರಿಗೆ ಸರೋದ್ ವಾದಕ ರಾಜೀವ ತಾರಾನಾಥರ ತಂದೆ. ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿ ಆಯುರ್ವೇದ ಚಿಕಿತ್ಸೆ ಕೊಟ್ಟ ವೈದ್ಯ ತಾರಾನಾಥರ ಮಾತು ಬರುವುದೇ ಅಪರೂಪ. ಜನರ ಬಾಯಲ್ಲಿ ಉಳಿದ ದಾನಿಯೆಂದರೆ ತೈಲ ರಾಷ್ಟ್ರಗಳ ಒಕ್ಕೂಟ! ಓಪೆಕ್ ನೆರವಿನಿಂದ ಕಟ್ಟಿದ ರಾಯಚೂರಿನ ರಾಜೀವ್ ಗಾಂಧಿ ಆಸ್ಪತ್ರೆ ಆಟೋದವರಿಗೆ ಇವತ್ತಿಗೂ ‘ಓಪೆಕ್ ಆಸ್ಪತ್ರೆ’ಯೇ. ಪಕ್ಕದೂರಿನ ಶೆಟ್ಟರಿಗೆ ಆ ಭಾಗ್ಯವಿಲ್ಲ.

ಕೊಡುವ ಕೈ ಈಗಲೂ ಸೋತಿಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕೊಪ್ಪಳದ ಗವಿಮಠ ಕೋವಿಡ್ ಆಸ್ಪತ್ರೆಗೆ ತನ್ನ ಕಟ್ಟಡವನ್ನೇ ಬಿಟ್ಟುಕೊಟ್ಟಿತು. ಅಲ್ಲಿ ಅಡುಗೆಗೆ ನಿಂತವರು ಯಾರು, ಹಾಸಿಗೆ ಹೊತ್ತು ತಂದವರು ಯಾರು ಎಂಬುದನ್ನಾದರೂ ಕಂಡವರು ಇರುವಾಗಲೇ ಬರೆದಿಡಬೇಕು.

ನನ್ನ ಬೇಡಿಕೆ ದುಬಾರಿಯದಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಸುಣ್ಣಬಣ್ಣಕ್ಕೆ, ಟೈಲ್ಸಿಗೆ ಕೈ ಹಾಕುವ ಮುನ್ನ ಆವರಣದ ಫಲಕಗಳ ಫೋಟೊ ತೆಗೆದು, ಅವುಗಳ ಬರಹವನ್ನು ನಡಾವಳಿ ಪುಸ್ತಕದಲ್ಲಿ ನಕಲು ಮಾಡಿಕೊಳ್ಳಲಿ. ಅಂದಾಜುಪಟ್ಟಿಯಲ್ಲಿ ಫಲಕ ಮರುಜೋಡಣೆಗೆ ಒಂದು ಸಾಲು ಸೇರಿಸಲಿ. ಬಳ್ಳಾರಿಯಲ್ಲಿ 1961ರಿಂದ, ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಹಳ್ಳಿ ಸಮೀಕ್ಷೆಗೆ ಹೋದಾಗ ಹಳೆಯ ಕಾಂಪೌಂಡರುಗಳನ್ನು, ನಿವೃತ್ತ ನರ್ಸಮ್ಮಂದಿರನ್ನು ಮಾತನಾಡಿಸಿ ಬರೆದುಕೊಂಡು ಬರಬಹುದು. ಚೆನ್ನೈ, ಹೈದರಾಬಾದಿನ ಕಡತಗಳನ್ನು ಆಮೇಲೆ ಹುಡುಕಿದರಾಯಿತು. ಗೋಡೆಯ ಕೆಲಸ ಮಾತ್ರ ಮುಂದಿನ ತಿಂಗಳೇ ಇನ್ನೊಂದು ಆಸ್ಪತ್ರೆಯಲ್ಲಿ ಶುರುವಾಗಲಿದೆ. ಅಲ್ಲಿಯೂ ಇಂಥ ಫಲಕಗಳಿವೆ.

— ನಿವೃತ್ತ ಆಸ್ಪತ್ರೆ ನೌಕರ, ಬಳ್ಳಾರಿ